ಗೂಡ್ಸ್ ಗಾಡಿ ಹೊರಡುವ ಮೊದಲು ಬ್ರೇಕ್ ಟೆಸ್ಟ್: ಲೋಕೋ ಪೈಲಟ್, ಎಎಲ್‌ಪಿ, ಟ್ರೈನ್ ಮ್ಯಾನೇಜರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಬ್ರೇಕ್ ಟೆಸ್ಟ್‌ನಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಕ್ಯಾಬ್‌ನಲ್ಲಿ ಬ್ರೇಕ್ ಪೈಪಿನ ಗಾಳಿ ಒತ್ತಡ ತೋರಿಸುವ ಗೇಜ್ 5 ಮುಟ್ಟಿದ ಕೂಡಲೇ ಗಾಡಿ ರೆಡಿ ಅಂದುಕೊಳ್ಳುತ್ತಾರೆ. ಆ ಮುಳ್ಳು ಹೇಳುವುದು ಇಂಜಿನ್ ಹತ್ತಿರದ ಪೈಪಿನ ವಿಷಯ ಮಾತ್ರ. ಮೂರನೇ ವ್ಯಾಗನ್ ಹತ್ತಿರ ಏಂಗಲ್ ಕಾಕ್ (ಪೈಪಿನ ತುದಿಯ ನಲ್ಲಿ) ಮುಚ್ಚಿದ್ದರೂ ಅದು ಆರಾಮಾಗಿ 5 ತೋರಿಸುತ್ತೆ. ಗಾಡಿಗೆ ಬ್ರೇಕ್ ಇದೆ ಅನ್ನೋದಕ್ಕೆ ಸಾಕ್ಷಿ ಸಿಗುವುದು ಬಾಲದಲ್ಲಿ.

ಇಲ್ಲಿರುವುದು ಭಾರತೀಯ ರೈಲ್ವೆಯ ಏರ್ ಬ್ರೇಕ್ ಗೂಡ್ಸ್ ಗಾಡಿಯ ಕ್ರಮ. ಎಎಲ್‌ಪಿ ಅಂದರೆ ಅಸಿಸ್ಟೆಂಟ್ ಲೋಕೋ ಪೈಲಟ್, ಟ್ರೈನ್ ಮ್ಯಾನೇಜರ್ ಅಂದರೆ ಮೊದಲು ಗಾರ್ಡ್ ಅನ್ನುತ್ತಿದ್ದವರು. ಪ್ಯಾಸೆಂಜರ್ ಗಾಡಿಗೆ ಬೇರೆ ಇರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ. ನಿಮ್ಮ ವಲಯದ ಜಿ ಅಂಡ್ ಎಸ್‌ಆರ್ (ಜನರಲ್ ಅಂಡ್ ಸಬ್ಸಿಡಿಯರಿ ರೂಲ್ಸ್) ಮತ್ತು ವರ್ಕಿಂಗ್ ಟೈಮ್ ಟೇಬಲ್‌ನಲ್ಲಿ ಇದಕ್ಕಿಂತ ಬಿಗಿಯಾದ ನಿಯಮ ಇದ್ದರೆ ಅದೇ ನಡೆಯಬೇಕು.

## ಮೊದಲು ಈ ಅಂಕಿಗಳು ಬಾಯಿಗೆ ಬರಲಿ

ಒತ್ತಡದ ಲೆಕ್ಕವೆಲ್ಲ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅಂತ. ಮಾತಿನಲ್ಲಿ ಎಲ್ಲರೂ ಬರೀ ಕೆಜಿ ಅಂತಾರೆ, ಇಲ್ಲೂ ಹಾಗೇ ಬರೆದಿದ್ದೇನೆ.

ಇಂಜಿನ್‌ನಲ್ಲಿ ಬ್ರೇಕ್ ಪೈಪ್, ಅಂದರೆ ಬಿಪಿ, 5 ಕೆಜಿ ಇರಬೇಕು. ಬಿಪಿ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಫೀಡ್ ಪೈಪ್, ಅಂದರೆ ಎಫ್‌ಪಿ, ಇದ್ದರೆ 6 ಕೆಜಿ. ಬಹುತೇಕ ಗೂಡ್ಸ್ ಗಾಡಿಗಳು ಒಂದೇ ಪೈಪಿನಲ್ಲಿ, ಬಿಪಿಯಲ್ಲೇ ಓಡುತ್ತವೆ. ಬಾಲದಲ್ಲಿ ಟ್ರೈನ್ ಮ್ಯಾನೇಜರ್ ಕೂರುವ ಬ್ರೇಕ್ ವ್ಯಾನ್‌ನಲ್ಲಿ 56 ವ್ಯಾಗನ್‌ವರೆಗಿನ ಗಾಡಿಗೆ ಬಿಪಿ ಕನಿಷ್ಠ 4.8 ಬರಬೇಕು. ಅದಕ್ಕಿಂತ ಉದ್ದವಾದರೆ 4.7. ಎಫ್‌ಪಿ ಇರುವ ಗಾಡಿಯ ಬಾಲದಲ್ಲಿ ಅದು 5.8.

ಸೋರಿಕೆ ಗೂಡ್ಸ್‌ಗೆ ನಿಮಿಷಕ್ಕೆ 0.25 ಕೆಜಿ ದಾಟಬಾರದು, ಕೋಚಿಂಗ್ ಗಾಡಿಗೆ (ಪ್ಯಾಸೆಂಜರ್‌ಗೆ) 0.2. ಪೂರ್ತಿ ಬ್ರೇಕ್ ಹಾಕಿದಾಗ ಬ್ರೇಕ್ ಸಿಲಿಂಡರ್‌ನಲ್ಲಿ ಸುಮಾರು 3.8 ಕೆಜಿ ಸಿಗುತ್ತದೆ. ಎಂಪ್ಟಿ-ಲೋಡ್ ವ್ಯವಸ್ಥೆ ಇರುವ ಖಾಲಿ ವ್ಯಾಗನ್‌ನಲ್ಲಿ ಸುಮಾರು 2.2.

## ಕೈಯಲ್ಲಿ ಏನಿರಬೇಕು

ಚಾರ್ಜ್ ಇರುವ ವಾಕಿ-ಟಾಕಿ, ಒಳ್ಳೆ ಟಾರ್ಚ್, ಕೆಂಪು-ಹಸಿರು ಬಾವುಟ ಅಥವಾ ಹ್ಯಾಂಡ್ ಸಿಗ್ನಲ್ ಲ್ಯಾಂಪ್, ವಾಚ್, ಸ್ಪ್ಯಾನರ್, ಹೋಸ್ ತಲೆಗೆ ಹಾಕುವ ರಬ್ಬರ್ ವಾಷರ್ ಒಂದೆರಡು, ಗ್ಲೌಸ್, ಸೇಫ್ಟಿ ಶೂ. ಬ್ರೇಕ್ ವ್ಯಾನ್‌ನಲ್ಲಿ ಗೇಜ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಬೇರೆ ಗೇಜ್ ತರಿಸಿಯೇ ಮುಂದಿನ ಮಾತು. ಗೇಜ್ ಇಲ್ಲದ ಬಾಲ ಅಂದರೆ ಕಣ್ಣು ಕಟ್ಟಿದ ಹಾಗೆ.

## ಹಂತ 1: ಬಿಪಿಸಿ ಓದಿ, ಸುಮ್ನೆ ಜೇಬಿಗೆ ಹಾಕಬೇಡಿ

ಬ್ರೇಕ್ ಪವರ್ ಸರ್ಟಿಫಿಕೇಟ್ (ಬಿಪಿಸಿ) ಕೈಗೆ ಬಂದಾಗ ನಾಲ್ಕು ವಿಷಯ ನೋಡಿ. ಇದು ಇದೇ ರೇಕ್‌ನದ್ದೇ, ಅಂದರೆ ಇದೇ ವ್ಯಾಗನ್ ಸಾಲಿನದ್ದೇ? ಅವಧಿ ಮುಗಿದಿಲ್ಲ ತಾನೇ? ಬ್ರೇಕ್ ಪವರ್ ಶೇಕಡಾ ಎಷ್ಟು ಬರೆದಿದೆ? ಸಹಿಗಳು ಇವೆಯೇ?

ರೇಕ್ ಗುರುತಿಸಲು ಎರಡೂ ತುದಿಯ ಕೆಲವು ವ್ಯಾಗನ್ ನಂಬರ್‌ಗಳನ್ನು ತಾಳೆ ನೋಡಿ. ಬಿಪಿಸಿ ಅವಧಿ ಕ್ಲೋಸ್ ಸರ್ಕ್ಯೂಟ್ (ಗೊತ್ತಾದ ಮಾರ್ಗದಲ್ಲೇ ಸುತ್ತುವ) ರೇಕ್‌ಗಳಿಗೆ ಸಾಮಾನ್ಯವಾಗಿ 7500 ಕಿ.ಮೀ. ಅಥವಾ 35 ದಿನ, ಯಾವುದು ಮೊದಲೋ ಅದು. ಕಿಲೋಮೀಟರ್ ಕಾಲಂ ಖಾಲಿ ಬಿಟ್ಟು ಓಡಿಸಿದ್ದರೆ ಲೆಕ್ಕ ಅಲ್ಲಿಗೇ ಹಾಳಾಯಿತು. ನಿಮ್ಮ ಪಾಲಿನ ಕಿ.ಮೀ. ಬರೆಯುವುದು ನಿಮ್ಮ ಕೆಲಸ.

ಶೇಕಡಾವಾರು ಲೆಕ್ಕ ಸರಳ. ಕೆಲಸ ಮಾಡುವ ಸಿಲಿಂಡರ್‌ಗಳನ್ನು ಒಟ್ಟು ಸಿಲಿಂಡರ್‌ಗಳಿಂದ ಭಾಗಿಸಿ 100ರಿಂದ ಗುಣಿಸಿ. 58 ಸಿಲಿಂಡರ್‌ಗಳ ಗಾಡಿಯಲ್ಲಿ 3 ಕೆಲಸ ಮಾಡದಿದ್ದರೆ 55 ಉಳಿಯಿತು, 94.8 ಶೇಕಡಾ. ಪರೀಕ್ಷೆ ಮುಗಿಸಿ ಹೊರಡುವ ಪ್ರೀಮಿಯಂ (ಇಷ್ಟು ದಿನ ಅಂತ ಬಿಪಿಸಿ ಕೊಟ್ಟ) ರೇಕ್‌ಗೆ 95 ಬೇಕು. ಹತ್ತಿರ ಇದೆಯಲ್ಲ ಅಂತ 95 ಅಂತ ಬರೆದರೆ ಅದು ಸುಳ್ಳು ಲೆಕ್ಕ. ಕ್ಲೋಸ್ ಸರ್ಕ್ಯೂಟ್ ರೇಕ್ ಮತ್ತು ಕೋಚಿಂಗ್ ಗಾಡಿ ಶುರುವಿನಲ್ಲಿ 100 ಶೇಕಡಾ ಇರಬೇಕು.

ಲೋಡಿಂಗ್ ಅಥವಾ ಅನ್‌ಲೋಡಿಂಗ್ ಆಗಿ, ಟ್ರೈನ್ ಎಕ್ಸಾಮಿನರ್ ಇಲ್ಲದ ಜಾಗದಿಂದ ಹೊರಡುತ್ತಿದ್ದರೆ ಜಿಎಲ್‌ಪಿ (ಗಾರ್ಡ್-ಲೋಕೋ ಪೈಲಟ್) ಚೆಕ್ ನಿಮ್ಮಿಬ್ಬರ ತಲೆ ಮೇಲೇ. ಲೋಕೋ ಪೈಲಟ್, ಟ್ರೈನ್ ಮ್ಯಾನೇಜರ್ ಇಬ್ಬರೂ ನೋಡಿ ಜಂಟಿ ಮೆಮೊ ಬರೆಯಬೇಕು. ಒಬ್ಬರು ನೋಡಿ ಇಬ್ಬರು ಸಹಿ ಹಾಕುವುದು ಎಲ್ಲ ಕಡೆ ನಡೆಯುವ ಚಾಳಿ. ಏನಾದರೂ ಆದಾಗ ಮೊದಲು ಮೇಜಿಗೆ ಬರುವುದೂ ಅದೇ ಕಾಗದ.

## ಹಂತ 2: ಗಾಡಿ ಉರುಳದ ಹಾಗೆ ಇರಲಿ

ಹ್ಯಾಂಡ್ ಬ್ರೇಕ್ ಮತ್ತು ಮರದ ಬೆಣೆ ತೆಗೆಯುವ ಅವಸರ ಬೇಡ. ಇಂಜಿನ್ ಕೂಡಿ, ಪೈಪ್ ತುಂಬಿ, ಬ್ರೇಕ್ ಹಿಡಿಯುತ್ತದೆ ಅಂತ ಖಾತ್ರಿಯಾಗುವ ತನಕ ಅವು ಇದ್ದಲ್ಲೇ ಇರಲಿ. ಬೇಗ ಹೊರಡೋಣ ಅಂತ ಎಎಲ್‌ಪಿ ಮೊದಲೇ ಬೆಣೆ ಎಳೆದು ಬಿಡುವುದುಂಟು. ಇಳಿಜಾರಿನ ಯಾರ್ಡ್‌ನಲ್ಲಿ ಅದು ಆಟ ಅಲ್ಲ.

ಯಾರಾದರೂ ವ್ಯಾಗನ್ ನಡುವೆ ಹೋಗುವ ಮೊದಲು ಲೋಕೋ ಪೈಲಟ್‌ಗೆ ವಾಕಿ-ಟಾಕಿಯಲ್ಲಿ ಹೇಳಬೇಕು. ಲೋಕೋ ಪೈಲಟ್ ಇಂಜಿನ್ ಬ್ರೇಕ್ ಹಾಕಿ, ರಿವರ್ಸರ್ ನ್ಯೂಟ್ರಲ್‌ಗೆ ತಂದು, "ಹೋಗಬಹುದು" ಅಂತ ಬಾಯಿಬಿಟ್ಟು ಹೇಳಬೇಕು. ಆ ಉತ್ತರ ಬರುವ ತನಕ ಕಾಲಿಡಬೇಡಿ. ಮೇಲೆ 25,000 ವೋಲ್ಟ್‌ನ ತಂತಿ ಇದ್ದರೆ ವ್ಯಾಗನ್ ಮೇಲೆ ಹತ್ತುವ ಮಾತೇ ಇಲ್ಲ. ತಂತಿಯಿಂದ ದೇಹವಾಗಲಿ ಉಪಕರಣವಾಗಲಿ 2 ಮೀಟರ್ ದೂರದಲ್ಲೇ ಇರಬೇಕು.

## ಹಂತ 3: ಕಪ್ಲಿಂಗ್, ಹೋಸ್, ಕಾಕ್. ಇದೇ ಕ್ರಮದಲ್ಲಿ

ಮೊದಲು ಸಿಬಿಸಿ, ಅಂದರೆ ಗಾಡಿಗಳನ್ನು ಕೂಡಿಸುವ ಸೆಂಟರ್ ಬಫರ್ ಕಪ್ಲರ್. ಅದು ಕೂಡಿದ ಶಬ್ದ ಕೇಳಿದರೆ ಸಾಲದು. ಲಾಕ್ ಪೂರ್ತಿ ಬಿದ್ದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಇಂಜಿನ್ ಸ್ವಲ್ಪ ಎಳೆಸಿ ಇನ್ನೊಮ್ಮೆ ನೋಡಿ.

ಮುಂದೆ ಹೋಸ್. ಬಿಪಿ ಹಸಿರು ಬಣ್ಣ, ಎಫ್‌ಪಿ ಬಿಳಿ. ಧೂಳು ಮೆತ್ತಿ ಬಣ್ಣ ಕಾಣದಿದ್ದರೆ ತಲೆಯ ಮೇಲೆ ಕೊರೆದ ಅಕ್ಷರ ಓದಿ. ಕೂಡಿಸುವ ಮೊದಲು ಇಂಜಿನ್ ಕಡೆಯ ಕಾಕ್ ಅರೆಕ್ಷಣ ತೆರೆದು ನೀರು, ಕಸ ಊದಿ ಹೊರಹಾಕಿ. ಹಾಗೆ ಮಾಡುವಾಗ ಹೋಸನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ, ಮುಖ ಪಕ್ಕಕ್ಕಿರಲಿ. ಬಿಟ್ಟ ಹೋಸ್ ಬೀಸಿ ಹೊಡೆದರೆ ಹಲ್ಲು ಉಳಿಯಲ್ಲ. ರಬ್ಬರ್ ವಾಷರ್ ಹರಿದಿದ್ದರೆ ಈಗಲೇ ಬದಲಿಸಿ. ಆಮೇಲೆ ಸೋರಿಕೆ ಹುಡುಕಿಕೊಂಡು ಇಡೀ ರೇಕ್ ಅಲೆಯುವ ಬದಲು ಇದು ಎರಡು ನಿಮಿಷದ ಕೆಲಸ.

ಕೊನೆಗೆ ಏಂಗಲ್ ಕಾಕ್. ಹಿಡಿ ಪೈಪಿಗೆ ಸಮಾನಾಂತರ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಇಂಜಿನ್ ಕಡೆಯದನ್ನು ಮೊದಲು, ಗಾಡಿ ಕಡೆಯದನ್ನು ಆಮೇಲೆ, ಎರಡನ್ನೂ ನಿಧಾನ ತೆರೆಯಿರಿ. ಅರ್ಧ ತೆರೆದ ಕಾಕ್ ಪೂರ್ತಿ ಮುಚ್ಚಿದ್ದಕ್ಕಿಂತ ಮೋಸಗಾರ. ಗಾಳಿ ತುಂಬುವುದು ನಿಧಾನವಾಗಿ ತುಂಬುತ್ತದೆ, ಗೇಜ್ ಸರಿ ಕಾಣುತ್ತದೆ. ಬ್ರೇಕ್ ಹಾಕಿದಾಗ ಮಾತ್ರ ಹಿಂದಿನ ವ್ಯಾಗನ್‌ಗಳು ತಡವಾಗಿ ಹಿಡಿಯುತ್ತವೆ. ಹಿಡಿ ಕೊನೆಯ ತನಕ ಹೋಗಿ ತನ್ನ ಜಾಗದಲ್ಲಿ ಕೂತಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಗಾಡಿಯ ತೀರಾ ಕೊನೆಯ ಕಾಕ್ ಮುಚ್ಚಿರಬೇಕು, ಹೋಸ್ ತೂಗಾಡದೆ ಕೊಕ್ಕೆಗೆ ಸಿಕ್ಕಿಸಿರಬೇಕು.

## ಹಂತ 4: ಚಾರ್ಜ್ ಮಾಡುವಾಗ ಗೇಜ್ ಅಷ್ಟೇ ಅಲ್ಲ, ಸಮಯವನ್ನೂ ನೋಡಿ

ಅನುಭವ ಇರುವ ಲೋಕೋ ಪೈಲಟ್ ಹೆಚ್ಚು ಗಮನ ಕೊಡುವುದು ಇಲ್ಲಿಗೇ. 58 ಬಾಕ್ಸ್‌ಎನ್ (ಮೇಲ್ಭಾಗ ತೆರೆದ) ವ್ಯಾಗನ್‌ಗಳ ರೇಕ್ ಸುಮಾರು 620 ಮೀಟರ್ ಉದ್ದ. ಪ್ರತಿ ವ್ಯಾಗನ್‌ನ ರಿಸರ್ವಾಯರ್ ತುಂಬಬೇಕು. ಅಷ್ಟು ಗಾಳಿ ಒಂದೆರಡು ನಿಮಿಷದಲ್ಲಿ ತುಂಬಲ್ಲ. ಖಾಲಿ ರೇಕ್‌ಗೆ ಇಂಜಿನ್ ಕೂಡಿದ ಮೇಲೆ ಬಿಪಿ ಸರಕ್ಕನೆ 5ಕ್ಕೆ ಹೋಗಿ ನಿಂತರೆ ಖುಷಿಪಡಬೇಡಿ. ಎಲ್ಲೋ ಹತ್ತಿರದಲ್ಲೇ ಒಂದು ಕಾಕ್ ಮುಚ್ಚಿದೆ ಅಂತಲೇ ಮೊದಲು ಅನುಮಾನಿಸಿ.

ಪೈಪಿಗೆ ಎಷ್ಟು ಗಾಳಿ ಹರಿಯುತ್ತಿದೆ ಅಂತ ತೋರಿಸುವ ಏರ್ ಫ್ಲೋ ಇಂಡಿಕೇಟರ್ ಇನ್ನೂ ಚೆನ್ನಾಗಿ ಹೇಳುತ್ತದೆ. ಚಾರ್ಜ್ ಶುರುವಾದಾಗ ಅದರ ಮುಳ್ಳು ಮೇಲೇರಿ ನಿಲ್ಲಬೇಕು. ಗಾಡಿ ತುಂಬುತ್ತಾ ಬಂದ ಹಾಗೆ ನಿಧಾನ ಕೆಳಗಿಳಿಯಬೇಕು. ಬೇಗ ಇಳಿದರೆ ಗಾಳಿ ಹಿಂದೆ ಹೋಗುತ್ತಿಲ್ಲ. ಎಷ್ಟು ಹೊತ್ತಾದರೂ ಇಳಿಯದಿದ್ದರೆ ಎಲ್ಲೋ ದೊಡ್ಡದಾಗಿ ಸೋರುತ್ತಿದೆ.

ಈ ಹೊತ್ತಿನಲ್ಲಿ ಟ್ರೈನ್ ಮ್ಯಾನೇಜರ್ ಬ್ರೇಕ್ ವ್ಯಾನ್‌ನಲ್ಲಿ ಗೇಜ್ ಮುಂದೆ ಇರಬೇಕು. "ಎಷ್ಟಿದೆ?" ಅಂತ ಕೇಳಿದರೆ "ಬಂದಿದೆ" ಅನ್ನಬಾರದು. "4.8" ಅಂತ ಅಂಕಿ ಹೇಳಬೇಕು. ಬ್ರೇಕ್ ವ್ಯಾನ್ ಇಲ್ಲದೆ ಇಒಟಿಟಿ (ಬಾಲದಿಂದ ರೇಡಿಯೋದಲ್ಲಿ ಮಾಹಿತಿ ಕಳಿಸುವ ಎಂಡ್ ಆಫ್ ಟ್ರೈನ್ ಟೆಲಿಮೆಟ್ರಿ) ಹಾಕಿ ಓಡುವ ಗಾಡಿಯಲ್ಲಿ ಬಾಲದ ಒತ್ತಡ ಇಂಜಿನ್‌ನ ಡಿಸ್‌ಪ್ಲೇಗೇ ಬರುತ್ತದೆ. ಆಗಲೂ ಅಂಕಿಯನ್ನು ಜೋರಾಗಿ ಓದಿ ಇಬ್ಬರೂ ಕೇಳಿಸಿಕೊಳ್ಳಿ.

ಇಂಜಿನ್ ಬದಲಾದ ಗಾಡಿಗೆ ಇನ್ನೊಂದು ಗುಂಡಿ ಇದೆ. ಹಿಂದಿನ ಇಂಜಿನ್ 5.2ಕ್ಕೋ 5.3ಕ್ಕೋ ಚಾರ್ಜ್ ಮಾಡಿದ್ದರೆ ಡಿವಿ (ವ್ಯಾಗನ್‌ನ ಬ್ರೇಕ್ ನಡೆಸುವ ಡಿಸ್ಟ್ರಿಬ್ಯೂಟರ್ ವಾಲ್ವ್) ಒಳಗೆ ಆ ಒತ್ತಡವೇ ಕೂತಿರುತ್ತದೆ. ನಿಮ್ಮ 5 ಕೆಜಿ ಅದಕ್ಕೆ ಕಡಿಮೆಯಾಗಿ ಕಾಣುತ್ತದೆ, ಬ್ರೇಕ್ ಬಿಡುವುದೇ ಇಲ್ಲ. ಆಗ ಪ್ರತಿ ವ್ಯಾಗನ್‌ನ ಡಿವಿ ರಿಲೀಸ್ ಹಿಡಿ ಎಳೆದು ಕೈಯಿಂದಲೇ ಬಿಡಿಸಬೇಕು. ಕೆಲವರು ಬಿಪಿ ಒತ್ತಡವನ್ನೇ ಏರಿಸಿ ಬಿಡಿಸಲು ಹೋಗುತ್ತಾರೆ. ಅದು ತೊಂದರೆಯನ್ನು ಮುಂದಿನ ಇಂಜಿನ್‌ನವರಿಗೆ ದಾಟಿಸುವುದು ಅಷ್ಟೇ.

## ಹಂತ 5: ಸೋರಿಕೆ ಅಳೆಯಿರಿ

ಬಾಲದಲ್ಲಿ ಒತ್ತಡ ಬಂದು ನಿಂತ ಮೇಲೆ ಎ-9 ಹಿಡಿಯಿಂದ (ಲೋಕೋ ಪೈಲಟ್ ಗಾಡಿ ಬ್ರೇಕ್ ಹಾಕುವ ಹಿಡಿ) ಬಿಪಿ ಸ್ವಲ್ಪ ಇಳಿಸಿ, ಮುಳ್ಳು ಸ್ಥಿರವಾಗಲಿ. ನಂತರ ಇಂಜಿನ್‌ನಿಂದ ಬಿಪಿಗೆ ಗಾಳಿ ಹೋಗದ ಹಾಗೆ ಕಡಿದು, ಮುಳ್ಳು ಎಷ್ಟು ಬೀಳುತ್ತೆ ಅಂತ ವಾಚ್ ಹಿಡಿದು ನೋಡಿ. ಕಡಿಯುವ ಕಾಕ್ ಒಂದೊಂದು ಇಂಜಿನ್‌ನಲ್ಲಿ ಒಂದೊಂದು ಕಡೆ, ಅದಕ್ಕೆ ಟಿಎಸ್‌ಡಿ (ಇಂಜಿನ್‌ನ ಟ್ರಬಲ್ ಶೂಟಿಂಗ್ ಡೈರೆಕ್ಟರಿ) ನೋಡಿಕೊಳ್ಳಿ. ಒಂದು ನಿಮಿಷಕ್ಕಿಂತ ಎರಡು ಮೂರು ನಿಮಿಷ ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. 4.5 ಇದ್ದದ್ದು ಮೂರು ನಿಮಿಷದಲ್ಲಿ 3.9ಕ್ಕೆ ಬಂದರೆ ನಿಮಿಷಕ್ಕೆ 0.2. ಗೂಡ್ಸ್‌ಗೆ ಪಾಸ್. ಕೋಚಿಂಗ್ ಗಾಡಿಗೆ ಗಡಿಯ ಅಂಚಿನಲ್ಲಿದೆ.

ಸೋರಿಕೆ ಹುಡುಕಲು ಕಿವಿ ಸಾಕು. ಹೋಸ್ ತಲೆಗಳ ಹತ್ತಿರವೇ ಮೊದಲು ಕೇಳಿ, ಬಹುತೇಕ ಅಲ್ಲೇ ಸಿಗುತ್ತದೆ.

## ಹಂತ 6: ಬ್ರೇಕ್ ಹಾಕಿ, ರೇಕ್ ಉದ್ದಕ್ಕೂ ನಡೆಯಿರಿ

ಫುಲ್ ಸರ್ವಿಸ್ ಬ್ರೇಕ್ ಹಾಕಿ, ಅಂದರೆ ಬಿಪಿ ಸುಮಾರು ಒಂದೂವರೆ ಕೆಜಿ ಇಳಿಸಿ. ಹಿಡಿ ತಿರುಗಿಸಿದಾಗ ಗಾಳಿ ಹೊರಹೋಗುವ ಶಬ್ದಕ್ಕೆ ಕಿವಿ ಕೊಡಿ. ಉದ್ದ ಗಾಡಿಯಲ್ಲಿ ಆ ಬುಸ್ ಅನ್ನುವ ಶಬ್ದ ಬಹಳ ಹೊತ್ತು ಬರುತ್ತದೆ, ನಿಧಾನ ಕರಗುತ್ತದೆ. ಚಿಕ್ಕದಾಗಿ ಬಂದು ತಟ್ಟನೆ ನಿಂತರೆ ಹಿಂದಿನ ಪೈಪ್ ನಿಮ್ಮ ಜೊತೆ ಇಲ್ಲ. ಓಡುವಾಗಲೂ ಈ ಗುರುತು ಹೀಗೇ ಕೆಲಸ ಮಾಡುತ್ತದೆ.

ಈಗ ನಡಿಗೆ. ಪ್ರತಿ ವ್ಯಾಗನ್ ಹತ್ತಿರ ಮೂರು ಕ್ಷಣ ನಿಂತರೆ ಸಾಕು. ಪಿಸ್ಟನ್ ಹೊರಗೆ ಬಂದಿದೆಯಾ? ಬ್ರೇಕ್ ಬ್ಲಾಕ್ ಗಾಲಿಗೆ ಒತ್ತಿ ಕೂತಿದೆಯಾ? ಎಂಪ್ಟಿ-ಲೋಡ್ ಹಿಡಿ ಸರಿ ಜಾಗದಲ್ಲಿದೆಯಾ? ಬಾಕ್ಸ್‌ಎನ್‌ನಲ್ಲಿ ಪಿಸ್ಟನ್ ಚಲನೆ ಖಾಲಿಗೆ ಸುಮಾರು 85 ಮಿ.ಮೀ., ಲೋಡ್‌ಗೆ ಸುಮಾರು 130 ಮಿ.ಮೀ. ಇರಬೇಕು, 10 ಮಿ.ಮೀ. ಆಚೀಚೆ.

ಈ ಎಂಪ್ಟಿ-ಲೋಡ್ ಹಿಡಿ ಜಿಎಲ್‌ಪಿಯಲ್ಲಿ ಜಾಸ್ತಿ ಮರೆತುಹೋಗುವ ವಸ್ತು. ಕಲ್ಲಿದ್ದಲು ತುಂಬಿದ ಮೇಲೂ ಹಿಡಿ ಎಂಪ್ಟಿಯಲ್ಲೇ ಇದ್ದರೆ ಪಿಸ್ಟನ್ ಹೊರಬರುತ್ತದೆ, ಬ್ಲಾಕ್ ಗಾಲಿ ಮುಟ್ಟುತ್ತದೆ. ನೋಡುವವರಿಗೆ ಬ್ರೇಕ್ ಇದೆ, ಶಕ್ತಿ ಮಾತ್ರ ಕಡಿಮೆ. ಇಳಿಜಾರಿನಲ್ಲೇ ಅದು ಗೊತ್ತಾಗುವುದು. ಉಲ್ಟಾ ಆದರೆ, ಖಾಲಿ ವ್ಯಾಗನ್ ಲೋಡ್‌ನಲ್ಲಿದ್ದರೆ, ಗಾಲಿ ಸಿಕ್ಕಿಹಾಕಿಕೊಂಡು ಜಾರುತ್ತದೆ, ಚಪ್ಪಟೆ ಬೀಳುತ್ತದೆ. ಹಿಡಿ ಇಲ್ಲದೆ ತಾನೇ ತೂಕ ಅರಿಯುವ ವ್ಯಾಗನ್‌ಗಳೂ ಇವೆ, ಅವುಗಳಲ್ಲಿ ಈ ಕೆಲಸವಿಲ್ಲ.

ಅದೇ ನಡಿಗೆಯಲ್ಲಿ ನೇತಾಡುವ ಬ್ರೇಕ್ ಗೇರ್, ಮುರಿದ ಸೇಫ್ಟಿ ಬ್ರಾಕೆಟ್, ತೆರೆದ ಬಾಗಿಲು, ಹೊರಚಾಚಿದ ಲೋಡ್ ಕೂಡ ನೋಡಿ. ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬನ್ನಿ.

ಆಮೇಲೆ ರಿಲೀಸ್ ಮಾಡಿಸಿ ಮತ್ತೆ ನೋಡಿ. ಹಾಕಿದ್ದು ನೋಡಿ ಬಿಟ್ಟಿದ್ದನ್ನು ನೋಡದೆ ಬರುವವರು ಬಹಳ. ಪಿಸ್ಟನ್ ಒಳಗೆ ಹೋಗಿರಬೇಕು, ಬ್ಲಾಕ್ ಗಾಲಿಯಿಂದ ಬಿಟ್ಟಿರಬೇಕು. ಪ್ಯಾಸೆಂಜರ್ ಗಾಡಿಯ ಎಲ್‌ಎಚ್‌ಬಿ ಕೋಚ್‌ನಲ್ಲಿ ಡಿಸ್ಕ್ ಬ್ರೇಕ್ ಇರುವುದರಿಂದ ಪಕ್ಕದ ಇಂಡಿಕೇಟರ್ ನೋಡಬೇಕು, ಹಾಕಿದಾಗ ಕೆಂಪು, ಬಿಟ್ಟಾಗ ಹಸಿರು. ಬಿಡದ ವ್ಯಾಗನ್ ಸಿಕ್ಕರೆ ಮೊದಲು ಅದರ ಹ್ಯಾಂಡ್ ಬ್ರೇಕ್ ನೋಡಿ. ಹತ್ತರಲ್ಲಿ ಹಲವು ಸಲ ಅದೇ ಕಾರಣ. ಅದಲ್ಲದಿದ್ದರೆ ಡಿವಿ ರಿಲೀಸ್ ಹಿಡಿ ಎಳೆಯಿರಿ. ಆಗಲೂ ಬಿಡದಿದ್ದರೆ ಡಿವಿ ಐಸೊಲೇಟ್ ಮಾಡಿ ಗಾಳಿ ಬಿಡಿಸಿ, ಬಿಪಿಸಿಯಲ್ಲಿ ಬರೆದು, ಶೇಕಡಾ ಮತ್ತೆ ಲೆಕ್ಕ ಹಾಕಿ.

## ಹಂತ 7: ಕಂಟಿನ್ಯೂಟಿ ಟೆಸ್ಟ್, ಎರಡೂ ಕಡೆಯಿಂದ

ಬ್ರೇಕ್ ಪೈಪ್ ಇಂಜಿನ್‌ನಿಂದ ಬಾಲದ ತನಕ ತಡೆಯಿಲ್ಲದೆ ಒಂದಾಗಿದೆಯಾ ಅಂತ ನೋಡುವ ಟೆಸ್ಟ್ ಇದು. ಹಿಂದಿನ ಹಂತಗಳಲ್ಲಿ ಏನೇ ಚೆನ್ನಾಗಿದ್ದರೂ ಇದಿಲ್ಲದೆ ಗಾಡಿ ಅಲುಗಬಾರದು.

ಮುಂದಿನಿಂದ: ಲೋಕೋ ಪೈಲಟ್ ಬಿಪಿ ಇಳಿಸುತ್ತಾರೆ. ಟ್ರೈನ್ ಮ್ಯಾನೇಜರ್ ತಮ್ಮ ಗೇಜ್‌ನಲ್ಲಿ ಬಿದ್ದಿದ್ದನ್ನು ನೋಡಿ ಅಂಕಿ ಹೇಳುತ್ತಾರೆ. ಬಿಟ್ಟಾಗ ಮತ್ತೆ ಏರಿತು ಅಂತಲೂ ಹೇಳುತ್ತಾರೆ.

ಹಿಂದಿನಿಂದ: ಟ್ರೈನ್ ಮ್ಯಾನೇಜರ್ ಬ್ರೇಕ್ ವ್ಯಾನ್‌ನ ವಾಲ್ವ್ ತೆರೆದು ಗಾಳಿ ಬಿಡುತ್ತಾರೆ. ಇಂಜಿನ್‌ನಲ್ಲಿ ಬಿಪಿ ಮುಳ್ಳು ಬೀಳಬೇಕು, ಏರ್ ಫ್ಲೋ ಮುಳ್ಳು ಏರಬೇಕು. ಲೋಕೋ ಪೈಲಟ್ "ಬಿತ್ತು" ಅಂದ ಮೇಲೆ ವಾಲ್ವ್ ಮುಚ್ಚಿ ಒತ್ತಡ ಮತ್ತೆ ಬರುವ ತನಕ ಕಾಯಬೇಕು.

ಮೋಸ ಹೋಗುವುದು ಹೀಗೆ. ಪಕ್ಕದ ಲೈನ್‌ನ ಗಾಡಿಯವರೂ ಅದೇ ಚಾನೆಲ್‌ನಲ್ಲಿ ಟೆಸ್ಟ್ ಮಾಡುತ್ತಿರುತ್ತಾರೆ. "ಬಿತ್ತು ಸಾರ್" ಅನ್ನುವ ಉತ್ತರ ಅವರದ್ದಾಗಿರಬಹುದು! ಪ್ರತಿ ಮಾತಿಗೂ ಗಾಡಿ ಹೆಸರು ಅಥವಾ ಇಂಜಿನ್ ನಂಬರ್ ಸೇರಿಸಿ. ಇನ್ನೊಂದು, ಟೆಸ್ಟ್ ಮುಗಿದ ಮೇಲೆ ಯಾರೋ ಹೋಸ್ ಬಿಚ್ಚಿ ಕೂಡಿಸಿದರೆ, ವ್ಯಾಗನ್ ಸೇರಿಸಿದರೆ ಅಥವಾ ತೆಗೆದರೆ, ಇಂಜಿನ್ ಬದಲಾದರೆ, ಯಾವುದೋ ಕಾಕ್ ಮುಟ್ಟಿದರೆ, ಹಳೇ ಟೆಸ್ಟ್ ಲೆಕ್ಕಕ್ಕಿಲ್ಲ. ಮೊದಲಿಂದ ಮಾಡಿ. 1988ರ ಜೂನ್ 27ರಂದು ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ 56 ಜನ ಸತ್ತಿದ್ದರ ಹಿಂದೆ ದಾರಿ ಮಧ್ಯೆ ತಪ್ಪಾಗಿ ಮುಚ್ಚಿದ ಒಂದೇ ಒಂದು ಕಾಕ್ ಇತ್ತು.

## ಹಂತ 8: ಹೊರಡುವುದು ಮತ್ತು ಫೀಲ್ ಟೆಸ್ಟ್

ಬೆಣೆ, ಹ್ಯಾಂಡ್ ಬ್ರೇಕ್ ತೆಗೆಯುವುದು ಈಗ. ತೆಗೆದ ಬೆಣೆಗಳನ್ನು ಎಣಿಸಿ ಜಾಗಕ್ಕೆ ಸೇರಿಸಿ. ಬಾಲದ ದೀಪ ಅಥವಾ ಎಲ್‌ವಿ (ಕೊನೆಯ ಗಾಡಿ ಅಂತ ತೋರಿಸುವ) ಬೋರ್ಡ್ ಇದೆಯಾ ನೋಡಿ. ಸ್ಟಾರ್ಟರ್ ಸಿಗ್ನಲ್ ಆಫ್ ಆದ ಮೇಲೆ (ಹೋಗಲು ಅನುಮತಿ ತೋರಿಸಿದ ಮೇಲೆ) ಲೋಕೋ ಪೈಲಟ್, ಎಎಲ್‌ಪಿ ಇಬ್ಬರೂ ಅದನ್ನು ಕೂಗಿ ಹೇಳಿ, ಟ್ರೈನ್ ಮ್ಯಾನೇಜರ್‌ನ ಸಿಗ್ನಲ್ ಪಡೆದು ಹೊರಡಬೇಕು.

ಮೊದಲ ಅವಕಾಶದಲ್ಲೇ ಬ್ರೇಕ್ ಫೀಲ್ ಟೆಸ್ಟ್, ನಂತರ ಬ್ರೇಕ್ ಪವರ್ ಟೆಸ್ಟ್. ಯಾವ ವೇಗದಲ್ಲಿ ಹಾಕಬೇಕು, ಎಷ್ಟಕ್ಕೆ ಇಳಿಯಬೇಕು ಅನ್ನುವುದು ನಿಮ್ಮ ವಿಭಾಗದ ವರ್ಕಿಂಗ್ ಟೈಮ್ ಟೇಬಲ್‌ನಲ್ಲಿದೆ. ಟೆಸ್ಟ್ ಮಾಡುವಾಗ ಇಂಜಿನ್ ಬ್ರೇಕ್ ಅಥವಾ ಡೈನಾಮಿಕ್ ಬ್ರೇಕ್ ಸೇರಿಸಬೇಡಿ. ಗಾಡಿ ಬ್ರೇಕ್ ಹೇಗಿದೆ ಅಂತ ತಾನೇ ನೋಡಬೇಕಿರುವುದು? ಇಳಿಜಾರು ಬರುವ ಮೊದಲೇ ಇದು ಮುಗಿದಿರಲಿ. ಬ್ರೇಕ್ ಕಡಿಮೆ ಅನ್ನಿಸಿದರೆ ಮುಂದಿನ ಸ್ಟೇಷನ್ ತನಕ ನೋಡೋಣ ಅನ್ನುವುದು ಬೇಡ. ನಿಲ್ಲಿಸಿ, ಕಂಟ್ರೋಲ್‌ಗೆ ಹೇಳಿ, ಮತ್ತೆ ಪರೀಕ್ಷಿಸಿ.

## ದಾರಿಯಲ್ಲಿ ಕಾಣುವ ಎಚ್ಚರಿಕೆ ಗುರುತುಗಳು

ಬಿಪಿ ತಾನಾಗಿ ಬಿತ್ತು, ಏರ್ ಫ್ಲೋ ಏರಿತು: ಹೋಸ್ ಬಿಚ್ಚಿರಬಹುದು, ಗಾಡಿ ಎರಡಾಗಿರಬಹುದು, ಪ್ಯಾಸೆಂಜರ್‌ನಲ್ಲಾದರೆ ಚೈನ್ ಎಳೆದಿರಬಹುದು. ಚಾರ್ಜ್ ಮಾಡಿ ಎಳೆದುಕೊಂಡು ಹೋಗುವ ಪ್ರಯತ್ನ ಬೇಡವೇ ಬೇಡ. ನಿಲ್ಲಿಸಿ, ಫ್ಲಾಷರ್ ಲೈಟ್ ಹಾಕಿ, ಪಕ್ಕದ ಲೈನ್ ಸುರಕ್ಷಿತ ಅಂತ ಖಾತ್ರಿಯಾಗುವ ತನಕ ಆ ಲೈನ್‌ನ ಗಾಡಿಗಳನ್ನು ತಡೆಯುವ ಕೆಲಸ ಮೊದಲು. ಕಾರಣ ಹುಡುಕುವುದು ಆಮೇಲೆ.

ಗಾಡಿ ಭಾರ ಅನ್ನಿಸುತ್ತಿದೆ, ನಾಚ್ (ಇಂಜಿನ್ ಶಕ್ತಿಯ ಹಂತ) ಏರಿಸಿದರೂ ವೇಗ ಬರುತ್ತಿಲ್ಲ, ತಿರುವಿನಲ್ಲಿ ತಿರುಗಿ ನೋಡಿದರೆ ಗಾಲಿ ಹತ್ತಿರ ಹೊಗೆ: ಬ್ರೇಕ್ ಬೈಂಡಿಂಗ್, ಅಂದರೆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ. ನಿಲ್ಲಿಸಿ ನೋಡುವಾಗ ಗಾಲಿ ಮುಟ್ಟಬೇಡಿ. ಅಂಗೈ ಬೆನ್ನನ್ನು ಹತ್ತಿರ ಹಿಡಿದರೆ ಬಿಸಿ ಗೊತ್ತಾಗುತ್ತದೆ. ಒಂದೇ ಲಯದ ಟಕ್ ಟಕ್ ಶಬ್ದ ಬಂದರೆ ಗಾಲಿ ಈಗಾಗಲೇ ಚಪ್ಪಟೆಯಾಗಿದೆ.

## ಹಂತ 9: ಇಂಜಿನ್ ಬಿಚ್ಚಿ ಗಾಡಿ ನಿಲ್ಲಿಸುವಾಗ

ಮೊದಲು ಹ್ಯಾಂಡ್ ಬ್ರೇಕ್, ಬೆಣೆ, ನಿಯಮ ಹೇಳುವ ಕಡೆ ಚೈನ್ ಮತ್ತು ಬೀಗ. ಎಷ್ಟು ವ್ಯಾಗನ್‌ಗೆ ಅನ್ನುವುದು ನಿಮ್ಮ ಸ್ಟೇಷನ್ ವರ್ಕಿಂಗ್ ರೂಲ್‌ನಲ್ಲಿದೆ. ನಂತರ ಬಿಪಿ ಪೂರ್ತಿ ಇಳಿಸಿ. ಆಮೇಲೆ ಎರಡೂ ಕಾಕ್ ಮುಚ್ಚಿ, ಹೋಸ್‌ನಲ್ಲಿ ಉಳಿದ ಗಾಳಿ ಕಾಕ್‌ನ ಸಣ್ಣ ತೂತಿನಿಂದ ಹೋಗಿ ಶಬ್ದ ನಿಂತ ಮೇಲೆ ಹೋಸ್ ಬಿಚ್ಚಿ. ಕಪ್ಲಿಂಗ್ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಕ್ರಮ ತಪ್ಪಿದರೆ ದುಬಾರಿ. ಬಿಪಿ ಅರ್ಧ ಇಳಿದಾಗಲೇ ಕಾಕ್ ಮುಚ್ಚಿದರೆ ಹಿಂದಿನ ವ್ಯಾಗನ್‌ಗಳ ಗಾಳಿ ಮುಂದಕ್ಕೆ ಹರಿದು ಬಿಪಿ ಸ್ವಲ್ಪ ಏರುತ್ತದೆ. ಅಷ್ಟಕ್ಕೇ ಬ್ರೇಕ್ ಬಿಟ್ಟುಬಿಡಬಹುದು. ಬಿಪಿ ಸೊನ್ನೆ ಮಾಡಿ ಹೋದರೂ ಸಿಲಿಂಡರ್‌ನ ಗಾಳಿ ಗಂಟೆಗಳಲ್ಲಿ ಸೋರಿ ಹೋಗುತ್ತದೆ. ಹಾಗಾಗಿ ನಿಂತ ಗಾಡಿಯನ್ನು ಹಿಡಿದಿಡುವುದು ಹ್ಯಾಂಡ್ ಬ್ರೇಕ್ ಮತ್ತು ಬೆಣೆ ಮಾತ್ರ. 2024ರ ಫೆಬ್ರವರಿ 25ರಂದು ಜಮ್ಮುವಿನ ಕಠುವಾದಲ್ಲಿ ನಿಲ್ಲಿಸಿದ್ದ ಗೂಡ್ಸ್ ಗಾಡಿ ಲೋಕೋ ಪೈಲಟ್ ಇಲ್ಲದೆ 70 ಕಿ.ಮೀ.ಗೂ ಹೆಚ್ಚು ದೂರ ಉರುಳಿ ಪಂಜಾಬಿನ ಊಂಚಿ ಬಸ್ಸಿ ತನಕ ಹೋಗಿತ್ತು.

ಹ್ಯಾಂಡ್ ಬ್ರೇಕ್ ಚಕ್ರ ತಿರುಗಿಸಿದ್ದಕ್ಕೆ ತೃಪ್ತಿಪಡಬೇಡಿ. ಬಗ್ಗಿ ನೋಡಿ, ಬ್ಲಾಕ್ ಗಾಲಿಗೆ ತಾಗಿದೆಯಾ, ಚೈನ್ ಸಡಿಲ ಇದೆಯಾ ಅಂತ. ಹಾಕಿದ ವ್ಯಾಗನ್‌ಗಳ ನಂಬರ್‌ಗಳನ್ನು ಸ್ಟೇಷನ್ ಮಾಸ್ಟರ್ ರಿಜಿಸ್ಟರ್‌ನಲ್ಲಿ ಬರೆದು ಸಹಿ ಮಾಡಿ, ಮುಂದಿನ ಕ್ರ್ಯೂಗೆ ಎಲ್ಲೆಲ್ಲಿ ಬಿಚ್ಚಬೇಕು ಅಂತ ಗೊತ್ತಾಗುವ ಹಾಗೆ.